ನ್ಯಾಸವೋ, ತ್ಯಾಗವೋ?

ಹಿಮಪರ್ವತ, ನಾಯಿ, ಜೊತೆಗಿದ್ದ ಜೀವವನ್ನು ಬಿಟ್ಟು ಮುಂದಕ್ಕೆ ಹೋಗಬಹುದೇ ಎಂಬ ಪ್ರಶ್ನೆ: ಈ ಮೂರೂ ಒಂದೆಡೆ ಕೂಡಿದ ಕಥೆಯು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ರಥವನ್ನು ತಂದು ನಿಲ್ಲಿಸಿದ ಇಂದ್ರನು, ನಾಯಿಯೊಡನೆ ಬರುವವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದನು. ಧರ್ಮರಾಯನು ಒಪ್ಪಲಿಲ್ಲ. ಆಗ ಇಂದ್ರನು ಹೂಡಿದ ಆಕ್ಷೇಪವು ಸಾಮಾನ್ಯವಾದುದಲ್ಲ. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟುಬಂದವನಿಗೆ ಒಂದು ನಾಯಿಯನ್ನು ಬಿಡುವುದು ಏತಕ್ಕೆ ಕಷ್ಟವೆಂದು ಅವನು ಕೇಳಿದನು. ಅವರು ಸತ್ತಮೇಲೆ ಬಿಟ್ಟೆನು, ಬದುಕಿರುವಾಗ ಬಿಡಲಿಲ್ಲವೆಂದು ಧರ್ಮರಾಯನು ಸಮಾಧಾನ ಹೇಳಿದನು. ನಾಯಿಯು ಕೊನೆಗೆ ಯಮಧರ್ಮನಾಯಿತೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಈ ನಡುವಣ ಸಂವಾದವನ್ನು ನೆನೆಯುವವರು ವಿರಳ. ಧರ್ಮಜಿಜ್ಞಾಸೆಯು ಇರುವುದಾದರೋ ಅಲ್ಲಿಯೇ.

ಬಳ್ಳಾರಿಯ ಅನುಕೂಲಸ್ಥರು ಆಲ್ಪ್ಸ್ ಪರ್ವತದ ಹಿಮವನ್ನು ನೋಡಲು ಹೊರಡುವುದು ಈಗ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಸಿರುಗುಪ್ಪದಲ್ಲಿ ಅಕ್ಕಿಯ ಗಿರಣಿ, ಬಳ್ಳಾರಿಯಲ್ಲಿ ವಾಸದ ಮನೆ, ಕುರುಗೋಡಿನಲ್ಲಿ ಹಿರಿಯರ ಮನೆ ಇರುವ ಒಂದು ಕುಟುಂಬವನ್ನು ಭಾವಿಸಬಹುದು. ಮಗನು ಜರ್ಮನಿಯಲ್ಲಿ ಓದುತ್ತಿದ್ದಾನೆ. ಡಿಸೆಂಬರಿನಲ್ಲಿ ತಂದೆತಾಯಿಗಳೂ ತಂಗಿಯೂ ಅವನಲ್ಲಿಗೆ ಹೋಗಿ, ಎಲ್ಲರೂ ಕೂಡಿ ಸ್ವಿಟ್ಜರ್ಲೆಂಡಿನಲ್ಲಿ ಹತ್ತು ದಿನವಿದ್ದು, ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ಕೀ ಎಂಬ ಆಟವನ್ನು ಕಲಿಯತಕ್ಕದ್ದೆಂದು ನಿಶ್ಚಯವಾಗಿದೆ. ಟಿಕೀಟು, ವೀಸಾ, ಉಣ್ಣೆಯ ಉಡುಪು ಎಲ್ಲವೂ ಸಿದ್ಧವಾಗಿವೆ. ಹೊರಡಲು ವಾರವಿರುವಾಗ ಗೃಹಿಣಿಯು, "ಅಲ್ರೀ, ನಾಯೀದು ಏನು ಮಾಡೋದು?" ಎನ್ನುತ್ತಾಳೆ. ಒಂಬತ್ತು ವರ್ಷದಿಂದ ಅದೇ ಅಂಗಳದಲ್ಲಿ ಬೆಳೆದ ನಾಯಿಯ ಮಾತು ಎಲ್ಲಕ್ಕೂ ಕಡೆಯಲ್ಲಿ ಬಂದಿತು.

ಜೊತೆಗೆ ಕರೆದೊಯ್ಯುವ ಯೋಚನೆಯು ನಿಲ್ಲತಕ್ಕದ್ದಲ್ಲ. ಹುಚ್ಚುನಾಯಿ ರೋಗದ ಭಯದಿಂದ ಯೂರೋಪಿನ ಒಕ್ಕೂಟವು ಭಾರತದ ನಾಯಿಗೆ ಮೈಕ್ರೋಚಿಪ್, ಲಸಿಕೆ, ಲಸಿಕೆಯಾಗಿ ಕನಿಷ್ಠ ೩೦ ದಿನ ಕಳೆದಮೇಲೆ ರಕ್ತಪರೀಕ್ಷೆ, ರಕ್ತವನ್ನು ತೆಗೆದಮೇಲೆ ಮತ್ತೆ ಮೂರು ತಿಂಗಳ ಕಾಯುವಿಕೆ ಇವನ್ನು ವಿಧಿಸಿದೆ. ಹತ್ತು ದಿನದ ಆಟಕ್ಕೆ ನಾಲ್ಕು ತಿಂಗಳ ಸಿದ್ಧತೆ! ಧರ್ಮರಾಯನ ನಾಯಿಗೆ ರಹದಾರಿಯ ಕಷ್ಟವಿರಲಿಲ್ಲ.

ಹಾಗಾದರೆ ಬಿಟ್ಟುಹೋಗುವುದೆಲ್ಲವೂ ತ್ಯಾಗವೇ? ಧರ್ಮಶಾಸ್ತ್ರವು ಹಾಗೆ ಹೇಳುವುದಿಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವು ಎರಡನೆಯದು. ಕುಲೀನನೂ ಸತ್ಯವಂತನೂ ಆದವನ ಕೈಯಲ್ಲಿ ವಸ್ತುವನ್ನು ನ್ಯಾಸವಾಗಿ ಇಡಬಹುದು. ಇಟ್ಟ ರೀತಿಯಲ್ಲಿಯೇ ಅದು ಹಿಂದಕ್ಕೆ ಬರಬೇಕು. ಆದರೆ ಪೆಟ್ಟಿಗೆಯಲ್ಲಿಟ್ಟ ಒಡವೆಗೆ ತನ್ನನ್ನು ಇಟ್ಟುಹೋದರೆಂಬ ಅರಿವಿಲ್ಲ. ನಾಯಿಗೆ ಯಜಮಾನನು ಹೋದನೆಂಬುದು ತಿಳಿಯುತ್ತದೆ, ಹತ್ತು ದಿನದಲ್ಲಿ ಬರುವನೆಂಬುದು ತಿಳಿಯುವುದಿಲ್ಲ. ಸಂಜೆಯಾದೊಡನೆ ಗೇಟಿನ ಬಳಿಗೆ ಬಂದು, ಕಾರಿನ ಸದ್ದಿಗೆ ಕಿವಿಗೊಟ್ಟು ಮಲಗುವುದಷ್ಟನ್ನೇ ಅದು ಬಲ್ಲದು. ಆದ್ದರಿಂದ ಪರಿಚಿತವಾದ ಕೈ, ಪರಿಚಿತವಾದ ನೆಲ, ಪರಿಚಿತವಾದ ಹೊತ್ತಿನ ಅನ್ನ ಇವು ಮೂರರಲ್ಲಿ ಎರಡಾದರೂ ಉಳಿದಲ್ಲಿ ಮಾತ್ರ ಅದರ ಪಾಲಿಗೆ ನ್ಯಾಸವು ನ್ಯಾಸವಾದೀತು.

ಬೆಂಗಳೂರಿನಲ್ಲಿ ಹಣ ತೆಗೆದುಕೊಂಡು ನಾಯಿಗಳನ್ನು ಇರಿಸಿಕೊಳ್ಳುವ ಮನೆಗಳಿವೆ. ಲಸಿಕೆಯ ಪುಸ್ತಕವನ್ನು ನೋಡಿ ಸೇರಿಸಿಕೊಳ್ಳುವ ಒಳ್ಳೆಯವೂ ಉಂಟು. ಎಳೆಯ ನಾಯಿಗೆ ಅದು ಒಗ್ಗೀತು. ಮುದಿನಾಯಿಯನ್ನು ಸುಮಾರು ೩೦೦ ಕಿಲೋಮೀಟರು ಸಾಗಿಸಿ, ನೂರು ಬೊಗಳಿಕೆಗಳ ನಡುವೆ ಕಟ್ಟಿಬರುವುದು ಬೇರೆ ಮಾತು. ರೈಲಿನಲ್ಲಾದರೆ ಮೊದಲ ದರ್ಜೆಯ ಹವಾನಿಯಂತ್ರಿತ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು. ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೇ ಗತಿ. ಕುರುಗೋಡಿನ ಮನೆಯಲ್ಲಿ ಸೋದರತ್ತೆಯಿದ್ದಾಳೆ, ಅಂಗಳದಲ್ಲಿ ಬೇವಿನ ನೆರಳಿದೆ. ಆದರೆ ಆಕೆಗೆ ಮೊಣಕಾಲು ನೋವು, ದೊಡ್ಡಬಸವೇಶ್ವರನ ಗುಡಿಯ ಸುತ್ತಣ ಬೀದಿನಾಯಿಗಳಿಗೆ ಹೊಸಬರನ್ನು ಕಂಡರೆ ಆಗದು. ಇನ್ನು ಏಪ್ರಿಲ್ ಮೇ ತಿಂಗಳಲ್ಲಿ ಹೊರಡುವ ಕೆಲವರು ನಾಯಿಯನ್ನು ಮಾಳಿಗೆಯ ತಗಡಿನ ಕೆಳಗೆ ಕಟ್ಟಿ, ಒಂದು ಬಕೀಟು ನೀರಿಟ್ಟು ಹೋಗುತ್ತಾರೆ. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ಏದುಸಿರಿನಿಂದಲೇ ತಾಪವನ್ನು ಕಳೆಯಬೇಕು. ಬಳ್ಳಾರಿಯ ೪೦ ಡಿಗ್ರಿಯ ಬಿಸಿಲಿನಲ್ಲಿ ತಗಡಿನ ಕೆಳಗೆ ಅದರ ಗತಿಯೇನೆಂಬುದನ್ನು ಬರೆಯಬೇಕಾಗಿಲ್ಲ.

ಉಳಿದವನು ಗೇಟಿನ ಪಕ್ಕದ ಕೋಣೆಯ ಕಾವಲಿನವನು. ಸಿರುಗುಪ್ಪದ ಗಿರಣಿಯಿಂದ ಬಂದವನು. ನಾಯಿಯು ಅವನನ್ನು ಬಲ್ಲದು, ಮನೆಯೂ ಬದಲಾಗುವುದಿಲ್ಲ. ನಾಯಿಯ ಕಡೆಯಿಂದ ನೋಡಿದರೆ ಇದಕ್ಕಿಂತ ಉತ್ತಮವಾದ ಏರ್ಪಾಡಿಲ್ಲ. ಯಜಮಾನನು ಮಾತನ್ನು ಮುಗಿಸುವ ಮೊದಲೇ ಅವನು "ಆಗ್ಲಿ ಬಿಡ್ರಿ, ನಾ ನೋಡ್ಕೊಂತೀನಿ" ಎಂದುಬಿಡುತ್ತಾನೆ. ಆದರೆ ಅವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿತ್ತೇ? ಸುಗ್ಗಿಯ ಕಾಲದಲ್ಲಿ ಅವನು ನಾಲ್ಕು ದಿನ ಊರಿಗೆ ಹೋಗಬೇಕೆಂದಿದ್ದನೇನೋ. ನಾಯಿಗೆಂದು ಕೊಟ್ಟುಹೋಗುವ ಹಣವು ಅವನ ಮಕ್ಕಳ ಊಟದ ವೆಚ್ಚಕ್ಕಿಂತ ಹೆಚ್ಚಾಗಿರಬಹುದು. ಅದನ್ನು ಎಣಿಸಿ ಅವನ ಕೈಗೆ ಕೊಡುವಾಗ ಯಾರಿಗೂ ನಾಚಿಕೆಯಾಗುವುದಿಲ್ಲ. ನಡುರಾತ್ರಿಯಲ್ಲಿ ನಾಯಿಗೆ ವಾಂತಿಯಾದರೆ ವೈದ್ಯರನ್ನು ಕರೆಯುವವರಾರು, ಹಣ ಯಾರದು? ಕಳ್ಳರಿಂದಲೋ ಬೆಂಕಿಯಿಂದಲೋ ನೀರಿನಿಂದಲೋ ನ್ಯಾಸವು ನಷ್ಟವಾದರೆ ಇರಿಸಿಕೊಂಡವನು ಹೊಣೆಯಲ್ಲವೆಂದು ಸ್ಮೃತಿಯು ಹೇಳುತ್ತದೆ. ನಾಯಿಯು ಸತ್ತಿತೆಂದು ಕೇಳಿದ ಯಜಮಾನನಿಗೆ ಆ ಸ್ಮೃತಿಯ ಸ್ಮರಣೆಯು ಬರುವುದು ಅಪೂರ್ವ. ಹೀಗೆ, ಬೇಡವೆನ್ನಲಾರದವನ ಮೇಲೆ ಹೊರಿಸಿದ ನ್ಯಾಸವು ಅಪ್ಪಣೆಯಾಗುತ್ತದೆ. ನಾಯಿಯನ್ನು ಕೈಬಿಡದೆ ಉಳಿಸಿಕೊಂಡ ಮನೆಯು ಮನುಷ್ಯನನ್ನು ಕೈಬಿಟ್ಟಿರುತ್ತದೆ.

ಕಾನೂನು ಇಷ್ಟು ದೂರ ಬರುವುದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಶಾಸನವು, ಹಸಿವು ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಅಪರಾಧವೆಂದು ಎಣಿಸಿ, ಮೊದಲ ಸಲಕ್ಕೆ ೧೦ರಿಂದ ೫೦ ರೂಪಾಯಿಯವರೆಗೆ ದಂಡವನ್ನಿಟ್ಟಿತು. ಕುಟುಂಬವು ಜಾರಿ ಆಡಲಿರುವ ಸ್ವಿಟ್ಜರ್ಲೆಂಡಿನ ೨೦೦೮ರ ನಿಯಮವಾದರೋ, ನಾಯಿಗೆ ದಿನದಿನವೂ ಮನುಷ್ಯರ ಸಹವಾಸವಿರಬೇಕೆಂದೂ, ಕಟ್ಟಿದ ನಾಯಿಯನ್ನು ಹಗಲಿನಲ್ಲಿ ಐದು ಗಂಟೆಗಳಾದರೂ ಬಿಚ್ಚಿಬಿಡಬೇಕೆಂದೂ ಹೇಳುತ್ತದೆ. ಇವೆರಡರಲ್ಲಿಯೂ ನೋಡಿಕೊಳ್ಳುವವನ ಇಷ್ಟಾನಿಷ್ಟದ ಮಾತಿಲ್ಲ.

ಆ ಮಾತಿನ ಸುಳಿವು ಕನ್ನಡನಾಡಿನಲ್ಲಿಯೇ, ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಸಿಕ್ಕುತ್ತದೆ. ತಕ್ಕೋಲದ ಯುದ್ಧವಾದಮೇಲೆ ಮಣಲೇರನು ಗಂಗ ಎರಡನೆಯ ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವುಂಟೆಂದು ಬರೆಯಿಸಿದರು. ಅಷ್ಟಕ್ಕೇ ನಿಲ್ಲಿಸದೆ ಭೂಮಿಯನ್ನೂ ಬಿಟ್ಟರು. ಹೊಣೆಯನ್ನು ಹೊತ್ತವನಿಗೆ ಅನ್ನದ ದಾರಿಯು ಮೊದಲೇ ಸಿದ್ಧವಾಗಿದ್ದಿತು.

ಬಳ್ಳಾರಿಯ ಮನೆಯವರು ಟಿಕೀಟು ಕೊಳ್ಳುವ ಮೊದಲೇ ಕಾವಲಿನವನನ್ನು ಕೇಳಬಹುದಾಗಿತ್ತು. ಬೇರೊಂದು ಏರ್ಪಾಡನ್ನು ಮೊದಲು ಕೈಯಲ್ಲಿಟ್ಟುಕೊಂಡು, ಆಗದಿದ್ದರೆ ಆಗದೆನ್ನಲು ಅವನಿಗೆ ಧೈರ್ಯವಾಗುವಂತೆ ಕೇಳಬೇಕು. ಸಂಬಳದ ಹೊರತಾಗಿ ಹತ್ತು ದಿನದ ಕೂಲಿಯನ್ನು ಗೊತ್ತುಮಾಡಿ, ಪಶುವೈದ್ಯರ ಬಳಿ ಮುಂಗಡವಾಗಿ ಹಣವನ್ನಿಟ್ಟು, ನಾಯಿಗೆ ಏನಾದರೂ ತಪ್ಪು ನಿನ್ನದಲ್ಲವೆಂದು ಮನೆಯವರೆಲ್ಲರ ಎದುರಿಗೆ ಹೇಳಬೇಕು. ಅಷ್ಟಾದಮೇಲೂ ಅವನು "ಕೊಯ್ಲು ಐತ್ರಿ, ಈ ಸಲ ನನ್ನ ಕೈಲಿ ಆಗಂಗಿಲ್ಲ" ಎಂದರೆ, ಪ್ರಯಾಣದ ದಿನವನ್ನು ಮುಂದಕ್ಕೆ ಹಾಕಲು ಆಗಿನ್ನೂ ಸಮಯವಿರುತ್ತದೆ.