‘ರೂಢಿ ಐತಿ’ ಎಂಬ ಮಾತು

ನಮ್ಮ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೋದು’ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಅದು ‘ದವಾ’. ಎರಡೂ ಭಾಷೆಗಳಲ್ಲಿ ವಿಷಕ್ಕೆ ವಿಷವೆಂಬ ಹೆಸರಿಲ್ಲ.

ಕೆಲವು ವರ್ಷಗಳ ಹಿಂದೆ ಗಂಗಾವತಿ ಹತ್ತಿರದ ಭತ್ತದ ಗದ್ದೆಯಲ್ಲಿ ಎಣ್ಣಿ ಹೊಡೆಯುತ್ತಿದ್ದ ಕೂಲಿಯಾಳೊಬ್ಬ ಸಂಜೆ ಹೊತ್ತಿಗೆ ಬದುವಿನ ಮೇಲೆ ಕುಸಿದ. ಕುಷ್ಟಗಿ ಕಡೆಯ ಒಣಭೂಮಿಯಿಂದ ದುಡಿಯಲು ಬಂದವನು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸಾಸಿವೆಕಾಳಿನಷ್ಟು. ಚರ್ಮದಡಿ ಸ್ನಾಯುಗಳು ಹುಳು ಹರಿದಂತೆ ಅದುರುತ್ತಿದ್ದವು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟು ಉಳಿಸಿಕೊಂಡರು. ವರಾಂಡದಲ್ಲಿ ನಿಂತಿದ್ದ ಗದ್ದೆಯ ಧಣಿ ನನಗೆ ಹೇಳಿದರು: “ಎಷ್ಟೋ ವರ್ಷದಿಂದ ಹೊಡಿತಾನ್ರಿ ಸಾಹೇಬ್ರ, ಅವಗ ರೂಢಿ ಐತಿ. ಇವತ್ತ ಹೆಂಗ ಹಿಂಗಾತೋ ಏನೋ.”

ಅವರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ಅವರೇ ಕೊಟ್ಟರು. ಆದರೂ ಆ ‘ರೂಢಿ’ ನನ್ನನ್ನು ಬಿಡಲಿಲ್ಲ.

ನರಕೋಶ ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಒಂದು ಸಂದು ಇದೆ. ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಕೆಲವೇ ಪಾಲಿನಷ್ಟು ಅಗಲ. ನರದ ಸುದ್ದಿ ಈ ಸಂದನ್ನು ದಾಟುವುದು ರಾಸಾಯನಿಕದ ರೂಪದಲ್ಲಿ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಅದರಿಂದ ತೆಗೆದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ಆ ದೂತನ ಹೆಸರು ಅಸಿಟೈಲ್‌ಕೋಲಿನ್.

ಸುದ್ದಿ ಮುಟ್ಟಿದರಷ್ಟೇ ಸಾಲದು, ಮುಟ್ಟಿದ ಮೇಲೆ ಅಳಿಯಲೂ ಬೇಕು. ಅದಕ್ಕೊಂದು ಕಿಣ್ವವಿದೆ. ಅದರ ಒಂದು ಅಣು ಸೆಕೆಂಡಿಗೆ ಸಾವಿರಾರು ದೂತರನ್ನು ಒಡೆದು ಸಂದನ್ನು ತೆರವು ಮಾಡುತ್ತದೆ. ಮೊನೊಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ‘ಬಿಗಿ, ಬಿಗಿ’ ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹುಳುವಿನ ನರಮಂಡಲದಲ್ಲೂ ಮನುಷ್ಯನ ನರಮಂಡಲದಲ್ಲೂ ಈ ದೂತ ಮತ್ತು ಈ ಕಿಣ್ವ ಇವೆ. ಲೋವಿಗೆ ಹೆನ್ರಿ ಡೇಲ್ ಜೊತೆ ನೊಬೆಲ್ ಬಂದ 1936ರಲ್ಲೇ, ಜರ್ಮನಿಯಲ್ಲಿ ಕೀಟನಾಶಕ ಹುಡುಕುತ್ತಿದ್ದ ಗೆರ್ಹಾರ್ಡ್ ಶ್ರಾಡರ್ ಕೈಗೆ ಟಾಬುನ್ ಎಂಬ ಯುದ್ಧವಿಷ ಸಿಕ್ಕಿತು. ಹುಳುವನ್ನು ಕೊಲ್ಲುವ ದಾರಿಯಲ್ಲೇ ಮನುಷ್ಯನನ್ನು ಕೊಲ್ಲುವುದೂ ಸಿಕ್ಕಿತು.

ಈಗ ‘ರೂಢಿ’ಯ ಮಾತಿಗೆ ಬರೋಣ. ದಿನವೂ ಸ್ವಲ್ಪ ಸ್ವಲ್ಪ ವಿಷ ತಾಗಿದರೆ ಕಿಣ್ವ ಇಳಿಯುತ್ತ ಹೋಗುತ್ತದೆ. ಬಹಳಷ್ಟು ಇಳಿಯುವವರೆಗೂ ಹೊರಗೆ ಏನೂ ಕಾಣದಿರಬಹುದು. ಧಣಿಗೆ ರೂಢಿಯೆಂದು ಕಂಡದ್ದು ಒಳಗೆ ಗಂಟು ಕರಗುತ್ತಿದ್ದ ಲಕ್ಷಣ. ಆಳು ಗಟ್ಟಿಯಾಗುತ್ತಿರಲಿಲ್ಲ, ಖಾಲಿಯಾಗುತ್ತಿದ್ದ.

ಧಣಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದವನ ಮೇಲೆ ತಪ್ಪು ಹೊರಿಸಬಹುದೇ? ನನಗನಿಸುವುದು ಇಷ್ಟು: ಕಿಣ್ವದ ಹೆಸರು ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ ಪಂಪನ್ನು ತನ್ನ ಮಗನ ಬೆನ್ನಿಗೆ ಕಟ್ಟಲು ಒಪ್ಪದವನಿಗೆ ಗೊತ್ತಿರಬೇಕಾದಷ್ಟು ಗೊತ್ತೇ ಇದೆ. ‘ರೂಢಿ’ ಎಂಬ ಮಾತು ಆ ತಿಳಿವಳಿಕೆಯನ್ನು ಮುಚ್ಚುವ ಸೆರಗು. ಬಡವನಿಗೆ ಬಿಸಿಲು ರೂಢಿ, ಹಸಿವು ರೂಢಿ, ಗುಳೆ ರೂಢಿ ಎನ್ನುವಾಗಲೂ ನಾವು ಹೊದಿಸುವುದು ಇದೇ ಸೆರಗನ್ನು.

ಮೊನೊಕ್ರೊಟೊಫಾಸ್ ನಿಷೇಧದ ಆದೇಶ 2023ರಲ್ಲಿ ಹೊರಟಿತು. ಒಂದು ಬಾಟಲಿ ಅಂಗಡಿಯಿಂದ ಹೋಗಬಹುದು, ಮಾತು ಬಾಯಿಂದ ಹೋಗಬೇಕಲ್ಲ?

ಗಂಗಾವತಿಯ ಅಕ್ಕಿ ನನ್ನ ಮನೆಯಲ್ಲೂ ಬೇಯುತ್ತದೆ. ಅಗ್ಗದ ಅಕ್ಕಿ ಹುಡುಕುವ ನಾನೂ ಧಣಿಯ ಪಕ್ಕದಲ್ಲೇ, ಆ ವರಾಂಡದಲ್ಲೇ ನಿಂತಿದ್ದೇನೆ. ಅಂದು ಅವರ ಮಾತಿಗೆ ನಾನು ಸುಮ್ಮನೆ ತಲೆಯಾಡಿಸಿದ್ದೆ.