ಕೊನೆಯ ಔಷಧ ಯಾರದು?

ಹೋದ ವರ್ಷ ನಮ್ಮ ಭಾವನವರನ್ನು ಬೀದರಿನಿಂದ ಕರೆತಂದು ಇಲ್ಲಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಉಸಿರಾಟದ ಯಂತ್ರ ಹಾಕಿದ ಒಂಬತ್ತನೆಯ ದಿನ ನ್ಯುಮೋನಿಯಾ ಕಾಣಿಸಿಕೊಂಡಿತು. ಕಫದಲ್ಲಿ ಸಿಕ್ಕ ರೋಗಾಣು ಮಾಮೂಲಿನ ಯಾವ ಔಷಧಕ್ಕೂ ಬಗ್ಗುವುದಿಲ್ಲವೆಂದು ವರದಿ ಬಂತು. ಉಳಿದಿರುವುದು ಕೊಲಿಸ್ಟಿನ್, ರಕ್ತನಾಳಕ್ಕೆ ಕೊಡುತ್ತೇವೆ, ಜೊತೆಗೆ ಮಂಜಿನ ಹನಿಯಂತೆ ಮಾಡಿ ಕೊಳವೆಯ ಮೂಲಕ ಶ್ವಾಸಕೋಶಕ್ಕೂ ಬಿಡಬಹುದು ಎಂದರು ಡಾಕ್ಟರು. ಅಕ್ಕ ಕೈಮುಗಿದು, "ಇದ್ದದ್ದೆಲ್ಲಾ ಕೊಡ್ರಿ, ಏನೂ ಉಳಿಸಬ್ಯಾಡ್ರಿ" ಎಂದಳು.

ಆ 'ಉಳಿಸಬ್ಯಾಡ್ರಿ' ಎಂಬ ಮಾತು ನನ್ನನ್ನು ಬಿಟ್ಟಿಲ್ಲ.

ಕೊಲಿಸ್ಟಿನ್ ಹೊಸದೇನಲ್ಲ. ಜಪಾನಿನಲ್ಲಿ ದೊರೆತು, 1950ರ ದಶಕದಲ್ಲಿ ಬಳಕೆಗೆ ಬಂದ ಔಷಧ. ಮೂತ್ರಪಿಂಡಕ್ಕೆ ಹಾನಿಯೆಂದು ಮೂಲೆಗೆ ಸೇರಿತ್ತು. ಬೇರೆಲ್ಲ ಅಸ್ತ್ರಗಳೂ ಮೊಂಡಾದ ಮೇಲೆ ಮತ್ತೆ ಹೊರಬಂತು. ಶ್ವಾಸಕೋಶಕ್ಕೇ ನೇರವಾಗಿ ಬಿಟ್ಟರೆ ಬೇಕಾದಲ್ಲಿ ಹೆಚ್ಚು, ಬೇಡವಾದಲ್ಲಿ ಕಡಿಮೆ ತಲುಪೀತು ಎಂಬುದು ಲೆಕ್ಕಾಚಾರ. ಆದರೆ ಲೆಕ್ಕಾಚಾರ ಬೇರೆ, ಫಲ ಬೇರೆ. ಅಮಿಕಾಸಿನ್ ಎಂಬ ಇನ್ನೊಂದು ಔಷಧವನ್ನು ಹೀಗೆ ಉಸಿರಿನೊಡನೆ ಸೇರಿಸಿ ಕೊಟ್ಟ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬದುಕಿ ಉಳಿದವರ ಸಂಖ್ಯೆ ಹೆಚ್ಚಲಿಲ್ಲ. 2023ರಲ್ಲಿ ಫ್ರಾನ್ಸಿನಿಂದ ಬೇರೆಯ ಸುದ್ದಿ: ನ್ಯುಮೋನಿಯಾ ಬರುವ ಮುಂಚೆಯೇ ಮೂರು ದಿನ ಕೊಟ್ಟವರಲ್ಲಿ ಅದು ಬಂದದ್ದು ನೂರಕ್ಕೆ 15 ಮಂದಿಗೆ, ಕೊಡದವರಲ್ಲಿ 22. ಹಾಗಾದರೆ ರೋಗವಿಲ್ಲದವರಿಗೂ ಕೊಡಬೇಕೆ? ಕೊಟ್ಟಷ್ಟೂ ರೋಗಾಣು ಪಾಠ ಕಲಿಯುತ್ತದಲ್ಲ!

ನಾಳೆಯ ರೋಗಿಗಾಗಿ ಇಂದಿನವನಿಗೆ ಔಷಧ ತಡೆಹಿಡಿಯುವುದು ನನ್ನ ಮಟ್ಟಿಗೆ ಅಧರ್ಮ. ಮಂಚದ ಮೇಲಿರುವವನಿಂದ ತ್ಯಾಗ ಕೇಳುವ ಹಕ್ಕು ಹೊರಗೆ ನಿಂತ ನಮಗಿಲ್ಲ. ಆದರೆ ರೋಗಿಗಾಗಿ ಕೊಡುವುದು ಒಂದು, ಬಂಧುಗಳ ಸಮಾಧಾನಕ್ಕಾಗಿ ಕೊಡುವುದು ಇನ್ನೊಂದು. ಎರಡನೆಯದನ್ನು ಯಾರದೋ ಗಂಟಿನಿಂದ ಖರ್ಚು ಮಾಡುತ್ತೇವೆ. ಆ ನಾಳೆಯವನ ಪರವಾಗಿ ಕೈಮುಗಿಯಲು ಯಾವ ಅಕ್ಕನೂ ವಾರ್ಡಿನ ಬಾಗಿಲಲ್ಲಿ ನಿಂತಿರುವುದಿಲ್ಲ.

ಉಳಿಸುವ ಮಾತು ಆಸ್ಪತ್ರೆಗಿಂತ ಬಹಳ ಮುಂಚೆ ಆಡಬೇಕಾದದ್ದು. ನಮ್ಮೂರಿನದೇ ನೋಡಿ. ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಸೇರುತ್ತಿದ್ದ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ! ಆ ಕಡೆಯ ನಕ್ಕವಾಗು ಹಳ್ಳ ಸೇರುವುದು ಮಂಜೀರಾ ನದಿಯನ್ನು, ನಮ್ಮ ಬೀದರ ಸೀಮೆಯನ್ನು ಹಾದು ಬರುವ ಅದೇ ಮಾಂಜ್ರಾವನ್ನು. ಕೋಳಿಗಳು ಬೇಗ ಬಲಿಯಲೆಂದು ಇದೇ ಕೊಲಿಸ್ಟಿನ್ನನ್ನು ಮೇವಿಗೆ ಬೆರೆಸುತ್ತಿದ್ದರು. ಸರ್ಕಾರ ನಿಷೇಧಿಸಿದ್ದು 2019ರಲ್ಲಿ.

ಕಾರ್ಖಾನೆಯವರನ್ನು ಬಯ್ಯುವುದು ಸುಲಭ. ಭಾವನವರಿಗೆ ಬಟ್ಟೆ ತರಲೆಂದು ಅಂದು ಮನೆಗೆ ಬಂದು ಕಪಾಟು ತೆರೆದರೆ, ಮೊಮ್ಮಗನ ನೆಗಡಿಗೆಂದು ಚೀಟಿಯಿಲ್ಲದೆ ನಾನೇ ತಂದಿದ್ದ ಅಜಿತ್ರೊಮೈಸಿನ್ ಮಾತ್ರೆಗಳ ಪಟ್ಟಿ ಸಿಕ್ಕಿತು. ಎರಡು ಖಾಲಿ, ಒಂದು ಉಳಿದಿತ್ತು.

ಭಾವನವರು ಬದುಕಿದರು. ಮೂತ್ರಪಿಂಡ ಸ್ವಲ್ಪ ಸೋತಿದೆ, ಉಪ್ಪು ಕಡಿಮೆ ಮಾಡಿದ್ದಾರೆ. ಹೊಗೆಯಂಥ ಔಷಧ ಬಿಟ್ಟರಂತಲ್ಲ, ಅದರಿಂದಲೇ ಉಳಿದೆನೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದರು. ಡಾಕ್ಟರನ್ನೇ ಕೇಳಬೇಕು ಎಂದೆ. ಕೇಳಿದ್ದೆ, ಅವರೂ ಖಚಿತವಾಗಿ ಹೇಳಿರಲಿಲ್ಲ.