ಹಿಂದಿನ ಬೆಳಕು

ನಮ್ಮ ಮನೆಯ ನಡುಮನೆಯಲ್ಲಿ 1974ರಲ್ಲಿ ತೆಗೆಸಿದ ಒಂದು ಫೋಟೋ ಇದೆ. ಹಲಸೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದ 1988ರಲ್ಲೂ ಅದು ಇದೇ ಗೋಡೆಯ ಇದೇ ಮೊಳೆಗೆ ತೂಗುತ್ತಿತ್ತು. ಕಮರ್ಷಿಯಲ್ ಸ್ಟ್ರೀಟಿನ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದಂತೆ. ನಡುವೆ ಕುರ್ಚಿಯಲ್ಲಿ ಮಾವನವರು, ಪಕ್ಕದಲ್ಲಿ ಅತ್ತೆ, ಹಿಂದೆ ಕೈಕಟ್ಟಿ ನಿಂತ ಇಬ್ಬರು ಭಾವಂದಿರು, ಮುಂದೆ ಜಮಖಾನೆಯ ಮೇಲೆ ಚಡ್ಡಿ ಹಾಕಿಕೊಂಡು ಕೂತ ನಮ್ಮ ಯಜಮಾನರು. ಎಡಗಡೆಯ ಅಂಚಿನಲ್ಲಿ, ಚೌಕಟ್ಟಿಗೆ ಭುಜ ತಾಗುವ ಹಾಗೆ ಅಕ್ಕಯ್ಯ.

ಅಕ್ಕಯ್ಯ ಎಂದರೆ ನಮ್ಮ ಯಜಮಾನರ ಅಕ್ಕ. ಮದುವೆಯಾಗಲಿಲ್ಲ. ಕೃಷ್ಣರಾಜಪುರದ ಹತ್ತಿರ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಗೆ ಇಪ್ಪತ್ತರ ವಯಸ್ಸಿನಲ್ಲಿ ಸೇರಿ, ಟೆಲಿಫೋನ್ ಜೋಡಿಸುತ್ತಾ ಜೀವನ ಕಳೆದವರು. ಈಗ ಎಂಬತ್ತಕ್ಕೆ ಒಂದೇ ಮೆಟ್ಟಿಲು. ನಮ್ಮ ಜೊತೆಗೇ ಇದ್ದಾರೆ.

ಕಳೆದ ವರ್ಷ ದೊಡ್ಡ ಭಾವ ಕೆ.ಆರ್. ಪುರದಲ್ಲಿ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ಏನಾದರೂ ಕೈಯಾರೆ ಮಾಡಿಕೊಡಬೇಕೆಂದು ನನ್ನ ಮಗಳಿಗೆ ಹುಮ್ಮಸ್ಸು. ಆ ಫೋಟೋವನ್ನೇ ಲಿಥೋಫೇನ್ ಮಾಡುತ್ತೇನೆ ಎಂದಳು. ಹೆಸರು ಕೇಳಿ ಯಾವುದೋ ಮಾತ್ರೆ ಇರಬೇಕೆಂದುಕೊಂಡೆ. ಅವಳು ತಂದು ತೋರಿಸಿದಾಗಲೂ ನನಗೆ ಕಂಡದ್ದು ಬಿಳಿಯ ಒಂದು ಹಲಗೆ. ಮೇಲೆಲ್ಲಾ ಉಬ್ಬುತಗ್ಗು, ಒಣಗಿದ ಕೆರೆಯ ಮಣ್ಣಿನ ಹಾಗೆ. ಮುಖವೂ ಇಲ್ಲ, ಮೂಗೂ ಇಲ್ಲ. "ಕಿಟಕಿಗೆ ಹಿಡಿ ಅಮ್ಮಾ" ಎಂದಳು. ಹಿಡಿದೆ. ಮಾವನವರು ನನ್ನನ್ನೇ ನೋಡುತ್ತಿದ್ದರು! ಒಂದು ಕ್ಷಣ ಸೆರಗು ಸರಿಮಾಡಿಕೊಂಡೆನೆಂದರೆ ನೀವು ನಗಬಾರದು.

ಅದರ ಗುಟ್ಟು ಇಷ್ಟೇ. ಹಲಗೆ ತೆಳುವಾಗಿರುವ ಕಡೆ ಬೆಳಕು ದಾಟಿ ಬರುತ್ತದೆ, ದಪ್ಪವಿರುವ ಕಡೆ ತಡೆಯುತ್ತದೆ. ಬಣ್ಣವಿಲ್ಲ, ಗೆರೆಯಿಲ್ಲ, ದಪ್ಪ ತೆಳುವಿನಲ್ಲೇ ಇಡೀ ಚಿತ್ರ. ಫ್ರಾನ್ಸಿನಲ್ಲಿ ಪಾಲ್ ದ ಬೂರ್ಗ್ವಾನ್ ಎಂಬಾತ 1827ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆಗ ಇದನ್ನು ಮಾಡುತ್ತಿದ್ದದ್ದು ಪಿಂಗಾಣಿಯಲ್ಲಿ: ಮೇಣದಲ್ಲಿ ಚಿತ್ರ ಕೊರೆದು, ಅದರಿಂದ ಅಚ್ಚು ತೆಗೆದು, ಪಿಂಗಾಣಿ ಎರೆದು, ಸುಟ್ಟು. ಯುರೋಪಿನ ಮನೆಗಳಲ್ಲಿ ಕಿಟಕಿಗೆ ತೂಗುಹಾಕುತ್ತಿದ್ದರು, ದೀಪಕ್ಕೆ ಮರೆ ಮಾಡುತ್ತಿದ್ದರು. ಈಗ ಯಂತ್ರವೇ ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಇಡುತ್ತದೆ. ನಮ್ಮ ಹಲಗೆಯ ಅತಿ ತೆಳುವಾದ ಜಾಗ ಮುಕ್ಕಾಲು ಮಿಲಿಮೀಟರು, ದಪ್ಪ ಜಾಗ ಮೂರು. ಅಷ್ಟರೊಳಗೆ ಒಂದು ಸಂಸಾರ.

ನಿಜವಾದ ಕಥೆ ಶುರುವಾದದ್ದು ಪೆಟ್ಟಿಗೆ ಮಾಡಿದ ಮೇಲೆ. ನಮ್ಮ ಬೀದಿಯ ಬಡಗಿ ಒಂದು ಪೆಟ್ಟಿಗೆ ಮಾಡಿಕೊಟ್ಟ. ಇಪ್ಪತ್ತು ಸೆಂಟಿಮೀಟರ್ ಅಗಲದ ಹಲಗೆಯನ್ನು ಮುಂದೆ ಸಿಕ್ಕಿಸಿ, ಐದು ಸೆಂಟಿಮೀಟರ್ ಹಿಂದೆ ನಡುವಿಗೆ ಸರಿಯಾಗಿ ಒಂದು ಎಲ್‌ಇಡಿ ಬಲ್ಬ್ ಇಟ್ಟಳು. ರಾತ್ರಿ ದೀಪ ಆರಿಸಿ ನಾವೆಲ್ಲಾ ಮುಂದೆ ಕೂತೆವು. ಸ್ವಿಚ್ ಹಾಕಿದಳು. ನಡುವೆ ಮಾವನವರು ಸೂರ್ಯನ ಹಾಗೆ ಬೆಳಗಿದರು. ಅತ್ತೆ ಸುಮಾರಾಗಿ ಕಂಡರು. ಅಂಚಿನಲ್ಲಿ ಬರೀ ಕತ್ತಲೆ.

"ಅಪ್ಪನೇ ಅಲ್ಲವೇ ಮನೆಯ ದೀಪ, ಸರಿಯಾಗೇ ಇದೆ" ಎಂದರು ಯಜಮಾನರು, ತಮಾಷೆಗೆ. ಅಕ್ಕಯ್ಯ ಕನ್ನಡಕ ಏರಿಸಿ ನೋಡಿದರು. "ನಾನು ಎಲ್ಲಿದ್ದೀನೆ ಇದರಲ್ಲಿ?" ಎಂದು ಮಗಳನ್ನು ಕೇಳಿ, ಉತ್ತರಕ್ಕೆ ಕಾಯದೆ ಮೊಸರಿಗೆ ಹೆಪ್ಪು ಹಾಕಲು ಒಳಗೆ ಹೋದರು.

ಆ ಮಾತು ನನ್ನನ್ನು ಮಲಗಗೊಡಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿ ಒಂದು ಕಥೆ ಇದೆ: ಅಪ್ಪ ಕಷ್ಟಪಟ್ಟು ಎಲ್ಲರನ್ನೂ ಓದಿಸಿದರು. ಮದುವೆ ಮುಂಜಿಗಳಲ್ಲಿ ಭಾವ ಎದ್ದು ನಿಂತು ಇದನ್ನು ಹೇಳುತ್ತಾರೆ, ನಾವು ತಲೆದೂಗುತ್ತೇವೆ. ಮಾವನವರು ಉಬ್ಬಸದ ಕಾಯಿಲೆಯಿಂದ ಕೆಲಸ ಬಿಟ್ಟದ್ದು 1967ರಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಮುಂದಿನ ಹದಿನಾಲ್ಕು ವರ್ಷ ಒಲೆ ಉರಿದದ್ದು, ಫೀಸು ಕಟ್ಟಿದ್ದು, ಇಬ್ಬರು ತಮ್ಮಂದಿರ ಮದುವೆಯ ಚಪ್ಪರ ಎದ್ದದ್ದು ಯಾರ ಸಂಬಳದಲ್ಲಿ ಎಂಬುದೂ ಗೊತ್ತು. ಯಾರೂ ಸುಳ್ಳು ಹೇಳಿಲ್ಲ. ಮಾವನವರು ಪಟ್ಟ ಕಷ್ಟವೂ ನಿಜವೇ. ದೀಪವನ್ನು ಅವರ ಹಿಂದೆ, ತೀರ ಹತ್ತಿರ ಇಟ್ಟುಬಿಟ್ಟಿದ್ದೇವೆ, ಅಷ್ಟೇ.

ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುತ್ತದೆಂದು ನಾನು ತಿಳಿದಿದ್ದೆ. ಮಗಳು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು: ಅರ್ಧವಲ್ಲ, ಕಾಲು ಭಾಗ. ಸಾಲದ್ದಕ್ಕೆ ಅಂಚಿಗೆ ಅದು ಓರೆಯಾಗಿ ಬೀಳುವುದರಿಂದ ಇನ್ನೂ ಕಡಿಮೆ. ನಮ್ಮ ಪೆಟ್ಟಿಗೆಯಲ್ಲಿ ನಡುವಿಗೆ ಸಿಕ್ಕಿದ್ದರ ಹತ್ತನೇ ಒಂದು ಭಾಗವೂ ಅಕ್ಕಯ್ಯನಿಗೆ ಸಿಗುತ್ತಿರಲಿಲ್ಲ. ನಮ್ಮ ನಾಡಿಗೆ ವಿದ್ಯುತ್ತು ಬಂದ ಕಥೆಯೂ ಸ್ವಲ್ಪ ಹೀಗೆಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಎಲ್ಲಿ ಚಿನ್ನವಿದೆಯೋ ಅಲ್ಲಿಗೆ ಮೊದಲು.

"ಒಂದು ಸುಲಭದ ದಾರಿ ಇದೆ ಅಮ್ಮಾ" ಎಂದಳು ಮಗಳು. "ದೊಡ್ಡತ್ತೆ ಇರುವ ಕಡೆ ಹಲಗೆಯನ್ನೇ ತೆಳು ಮಾಡಿಬಿಡೋಣ. ಆಗ ಇದೇ ಬಲ್ಬಿನಲ್ಲಿ ಅವರೂ ಹೊಳೀತಾರೆ."

ಮೊದಲು ನನಗೂ ಹೌದೆನಿಸಿತು. ಆಮೇಲೆ ಮನಸ್ಸು ಒಪ್ಪಲಿಲ್ಲ. ತೆಳು ಮಾಡುವುದೆಂದರೆ ಅವರ ಕಪ್ಪು ಸೀರೆ ಬೂದಿಯಾಗುತ್ತದೆ, ಹುಬ್ಬು ಮಾಸುತ್ತದೆ. ದೀಪದ ತಪ್ಪಿಗೆ ಅವರನ್ನು ತಿದ್ದಿದ ಹಾಗಲ್ಲವೇ? ನಾವು ಹೆಂಗಸರು ಇದನ್ನು ಬೇಕಾದಷ್ಟು ಕಂಡಿದ್ದೇವೆ. ಬದುಕಿದ್ದಷ್ಟು ದಿನ ಮೂಲೆಯಲ್ಲಿಟ್ಟ ಅಜ್ಜಿಯನ್ನು ಸತ್ತ ಮೇಲೆ "ದೇವರಂಥವಳು, ಒಂದು ದಿನವೂ ಗಟ್ಟಿಯಾಗಿ ಮಾತಾಡಿದವಳಲ್ಲ" ಎಂದುಬಿಡುತ್ತೇವೆ. ಆ ಅಜ್ಜಿ ಗಟ್ಟಿಯಾಗಿ ಮಾತಾಡಿದ್ದಿರಬಹುದು, ಕೇಳಿಸಿಕೊಳ್ಳುವವರು ಇರಲಿಲ್ಲ. ಉಪೇಕ್ಷೆಯ ಸಾಲವನ್ನು ಹೊಗಳಿಕೆಯಲ್ಲಿ ತೀರಿಸುವ ಈ ಉಪಾಯದಲ್ಲಿ ಆ ಮನುಷ್ಯರೇ ಕಳೆದುಹೋಗುತ್ತಾರೆ.

ನಮ್ಮ ಅಕ್ಕಯ್ಯ ದೇವರಂಥವರಲ್ಲ, ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ನಾನು ಬಂದ ಹೊಸದರಲ್ಲಿ ಕಾಫಿಪುಡಿಯ ಡಬ್ಬಿಗೆ ಚಮಚ ಎಣಿಸಿಡುತ್ತಿದ್ದರು. ನನ್ನ ತವರಿನಿಂದ ಬಂದ ಹೋಳಿಗೆಯಲ್ಲಿ ಹೂರಣ ಕಡಿಮೆ ಎಂದಿದ್ದರು. ಮೂವತ್ತೇಳು ವರ್ಷವಾಯಿತು, ಇನ್ನೂ ಮರೆತಿಲ್ಲ. ಮಗಳು ಚಿಕ್ಕವಳಿದ್ದಾಗ ದೊಡ್ಡತ್ತೆಯ ವಿಷಯ ನಾನು ಅವಳಿಗೆ ಹೇಳಿದ್ದೆಲ್ಲ ಇಂಥವೇ. ಪಾಳಿಗೆ ಹೊರಡುವ ಮೊದಲು, ಕತ್ತಲಿರುವಾಗಲೇ ಎದ್ದು, ತಮ್ಮನಿಗೆ ಡಬ್ಬಿ ಕಟ್ಟುತ್ತಿದ್ದರಂತೆ ಎಂಬುದನ್ನು ಅತ್ತೆಯ ಬಾಯಿಂದಲೇ ಕೇಳಿದ್ದೆ. ಅದನ್ನು ಹೇಳಲಿಲ್ಲ. ಹೂರಣವನ್ನು ಹೇಳಿದೆ. ದೀಪ ಹತ್ತಿರವಿಟ್ಟವರು ಭಾವ ಒಬ್ಬರೇ ಅಲ್ಲ.

ಹಲಗೆಯನ್ನು ಮುಟ್ಟುವುದು ಬೇಡ, ಬೆಳಕನ್ನು ಸರಿಮಾಡು ಎಂದೆ.

ಹಾಗೆಂದದ್ದೇ ತಡ, ಹದಿನೈದು ದಿನ ಮನೆ ವರ್ಕ್‌ಶಾಪ್ ಆಯಿತು. ಬಲ್ಬ್ ತೆಗೆದು ಎಲ್‌ಇಡಿ ಪಟ್ಟಿಯನ್ನು ಹಿಂಗೋಡೆಯ ಮೇಲೆ ಸಾಲಾಗಿ ಅಂಟಿಸಿದಳು. ಆಗ ಕತ್ತಲೆ ಹೋಯಿತು, ಆದರೆ ಎಲ್ಲರ ಮುಖದ ಮೇಲೂ ಸಿಡುಬಿನ ಹಾಗೆ ಚುಕ್ಕಿ. ಬಟರ್ ಪೇಪರ್ ಹಿಡಿದಳು, ಚುಕ್ಕಿ ದೊಡ್ಡದಾಯಿತು. ಕೊನೆಗೆ ಇಬ್ಬರೂ ಶಿವಾಜಿನಗರಕ್ಕೆ ಹೋದೆವು, ಅಂಗಡಿಗಳ ಬೋರ್ಡ್ ಮಾಡುವ ಒಬ್ಬ ಹಿರಿಯರ ಬಳಿಗೆ. ಒಳಗೆ ದೀಪವಿಟ್ಟು ಬೆಳಗುವ ಬೋರ್ಡ್ ಮಾಡುತ್ತಾ ಮುದುಕರಾದವರು. ಪೆಟ್ಟಿಗೆ ನೋಡಿ ನಕ್ಕರು. "ದೀಪ ಕಾಣಬಾರದು ಅಮ್ಮಾ, ಬೆಳಕು ಕಾಣಬೇಕು. ಟ್ಯೂಬಿನ ಗೆರೆ ಹೊರಗೆ ಕಂಡರೆ ಗಿರಾಕಿ ದುಡ್ಡು ಕೊಡೋದಿಲ್ಲ" ಎಂದರು.

ಅವರು ಹಾಲುಬಣ್ಣದ ಒಂದು ಅಕ್ರಿಲಿಕ್ ಹಾಳೆ ಕತ್ತರಿಸಿಕೊಟ್ಟು ಲೆಕ್ಕ ಹೇಳಿದರು. ಎರಡು ದೀಪದ ಸಾಲಿನ ನಡುವೆ ಎಷ್ಟು ಅಂತರವೋ, ದೀಪಕ್ಕೂ ಹಾಳೆಗೂ ಕನಿಷ್ಠ ಅಷ್ಟು ಅಂತರವಿರಬೇಕು. ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ಒಳಗೆಲ್ಲಾ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಯಬೇಕು, ಆಗ ಪಕ್ಕದ ಗೋಡೆಗಳೂ ಬೆಳಕನ್ನು ಹಿಂದಿರುಗಿಸಿ ಅಂಚಿಗೆ ಕೊಡುತ್ತವೆ. ನಮ್ಮ ಸಾಲುಗಳ ನಡುವೆ ಎರಡೂವರೆ ಸೆಂಟಿಮೀಟರ್ ಇತ್ತು. ಹಾಳೆಯನ್ನು ನಾಲ್ಕು ಸೆಂಟಿಮೀಟರ್ ಮುಂದಿಟ್ಟು, ಅದರ ಮುಂದೆ ಇನ್ನೂ ಎರಡು ಬಿಟ್ಟು ಹಲಗೆ ನಿಲ್ಲಿಸಿದಳು. ಈ ಪ್ಲಾಸ್ಟಿಕ್ ಅರವತ್ತು ಡಿಗ್ರಿ ಶಾಖಕ್ಕೇ ಮೆತ್ತಗಾಗುತ್ತದಂತೆ, ಆದ್ದರಿಂದ ಹಿಂದೆ ನಾಲ್ಕು ತೂತು ಕೊರೆದಳು. ಬಡಗಿ ಎರಡನೇ ಸಲ ಬಂದು, ಪೆಟ್ಟಿಗೆಯ ಆಳ ಹೆಚ್ಚಿಸಿ, ಗೊಣಗುತ್ತಾ ಹೋದ.

ಶಿವಾಜಿನಗರದಿಂದ ಬರುವಾಗ ನನಗೆ ತೊಗಲುಗೊಂಬೆಗಳ ನೆನಪಾಯಿತು. ಎಂ.ಎಸ್. ನಂಜುಂಡರಾಯರು ಸಂಗ್ರಹಿಸಿದ ಗೊಂಬೆಗಳನ್ನು ಚಿತ್ರಕಲಾ ಪರಿಷತ್ತಿನಲ್ಲಿ ನೋಡಿದ್ದೆ. ತೊಗಲನ್ನು ಹೆರೆದು ಹೆರೆದು ಬೆಳಕು ದಾಟುವಷ್ಟು ತೆಳು ಮಾಡುತ್ತಾರೆ. ಪರದೆಯ ಹಿಂದೆ ದೀಪ. ಆ ಗೊಂಬೆಗಳಲ್ಲಿ ರಾಜನದು ದೊಡ್ಡದು, ಸೇವಕನದು ಚಿಕ್ಕದು. ಸಮಾನತೆ ಏನೂ ಇಲ್ಲ ಅಲ್ಲಿ. ಆದರೆ ದೀಪ ಎಲ್ಲರಿಗೂ ಒಂದೇ. ರಾಮನಿಗೊಂದು ದೀಪ, ರಾವಣನಿಗೊಂದು ದೀಪ ಇಟ್ಟುಕೊಂಡು ಯಾರೂ ಆಟ ಆಡಿಸುವುದಿಲ್ಲ. ಒಂದೇ ಬೆಳಕಿನಲ್ಲಿ ನಿಲ್ಲಿಸಿದಾಗಲೇ ಇವನು ಇಂಥವನು, ಅವನು ಅಂಥವನು ಎಂದು ಪ್ರೇಕ್ಷಕರಿಗೆ ತಿಳಿಯುತ್ತದೆ. ಎಲ್ಲರನ್ನೂ ಸಮನಾಗಿ ನೋಡುವುದೆಂದರೆ ಎಲ್ಲರನ್ನೂ ಒಂದೇ ಬಣ್ಣಕ್ಕೆ ತರುವುದೆಂದು ನಾನು ಎಷ್ಟೋ ವರ್ಷ ಹೆದರಿಕೊಂಡಿದ್ದೆ. ಅದಕ್ಕೇ ನ್ಯಾಯದ ಮಾತು ಬಂದಾಗಲೆಲ್ಲ ಅಕ್ಕಯ್ಯನ ಬಾಯಿಯನ್ನು ನೆನಪಿಸಿಕೊಂಡು ಸುಮ್ಮನಾಗುತ್ತಿದ್ದೆ.

ಕೊನೆಗೂ ಒಂದು ರಾತ್ರಿ ಪೆಟ್ಟಿಗೆ ಸಿದ್ಧವಾಯಿತು. ಸ್ವಿಚ್ ಹಾಕಿದಾಗ ಮೊದಲು ನಿರಾಸೆಯಾಯಿತೆಂದೇ ಹೇಳಬೇಕು. ಮೊದಲಿನ ಝಗಝಗ ಇಲ್ಲ. ದೀಪ ದೂರ ಸರಿದು, ನಡುವೆ ಹಾಳೆಯೂ ಬಂದು, ಒಟ್ಟು ಬೆಳಕೇ ಕಡಿಮೆಯಾಗಿತ್ತು. "ಅಪ್ಪ ಡಲ್ ಆಗಿಬಿಟ್ಟರಲ್ಲೇ" ಎಂದರು ಯಜಮಾನರು, ಈ ಸಲ ತಮಾಷೆಗಲ್ಲ. ಹಂಚಿದರೆ ನಡುವೆ ಇದ್ದವರಿಗೆ ಕಡಿಮೆಯಾಗದೆ ಇರುತ್ತದೆಯೇ? ಅದನ್ನು ನಷ್ಟವೆನ್ನಬೇಕೋ, ಮೊದಲಿದ್ದದ್ದೇ ಹೆಚ್ಚೆನ್ನಬೇಕೋ, ನಾವಿಬ್ಬರೂ ಆ ರಾತ್ರಿ ಒಂದು ಮಾತಿಗೆ ಬರಲಿಲ್ಲ.

ಕಣ್ಣು ಹೊಂದಿಕೊಂಡ ಮೇಲೆ ನಾನು ನಿರೀಕ್ಷಿಸದೆ ಇದ್ದದ್ದು ಕಂಡಿತು. ಅಕ್ಕಯ್ಯ ಕಂಡರು, ಸರಿ: ಬಿಗಿದ ತುಟಿ, ಹೆಗಲ ಮೇಲೆ ಚೀಲದ ಪಟ್ಟಿ. ಆದರೆ ಮಾವನವರೂ ಈಗಲೇ ಕಂಡರು. ಮೊದಲಿನ ಬಲ್ಬಿನಲ್ಲಿ ಅವರ ಮುಖ ಬೆಳ್ಳಗೆ ಉರಿದುಹೋಗಿ ಕಣ್ಣು ಬಾಯಿ ಏನೂ ತಿಳಿಯುತ್ತಿರಲಿಲ್ಲ. ಈಗ ಕಣ್ಣಿನ ಕೆಳಗಿನ ಗುಳಿ, ಕುತ್ತಿಗೆಯ ನರ, ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ ಬೆರಳು. ಏಳು ವರ್ಷದಿಂದ ಮಗಳ ಸಂಬಳದಲ್ಲಿ ಉಣ್ಣುತ್ತಿದ್ದ ಒಬ್ಬ ಕಾಯಿಲೆಯ ಮನುಷ್ಯ ಮನೆಯ ಯಜಮಾನನಾಗಿ ಕುಳಿತುಕೊಳ್ಳಲು ಪಡುತ್ತಿದ್ದ ಪಾಡು. ಕೈಮುಗಿಯುವುದರಲ್ಲಿ ನಾವು ಅವರನ್ನೂ ನೋಡಿರಲಿಲ್ಲ.

ಗೃಹಪ್ರವೇಶದ ದಿನ ಬೆಳಗಿನ ಮೆಟ್ರೋದಲ್ಲಿ ಹಲಸೂರಿನಿಂದ ಕೆ.ಆರ್. ಪುರಕ್ಕೆ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆವು. ಆ ಕಡೆಗೆ ಅಷ್ಟು ವರ್ಷ ದಿನಾ ಓಡಾಡಿದ ಅಕ್ಕಯ್ಯ ಕಿಟಕಿಯಿಂದ ನೋಡುತ್ತಾ ಒಂದೂ ಮಾತಾಡಲಿಲ್ಲ. ಪೂಜೆಯಾಗಿ, ನೆಂಟರೆಲ್ಲಾ ಸೇರಿ, ಹಾಲಿನಲ್ಲಿ ಪೆಟ್ಟಿಗೆ ಇಟ್ಟು ದೀಪ ಹಾಕಿದೆವು. ಭಾವ ಎದ್ದು ನಿಂತರು. "ನಮ್ಮಪ್ಪ ಕಷ್ಟಪಟ್ಟು..." ಎಂದು ಶುರುಮಾಡಿ, ಪೆಟ್ಟಿಗೆಯ ಕಡೆ ತಿರುಗಿದವರು ನಿಲ್ಲಿಸಿಬಿಟ್ಟರು. ತುಂಬ ಹೊತ್ತು ನೋಡಿದರು.

"ಅಕ್ಕಯ್ಯ, ಅವತ್ತು ನೀನು ಕೆಲಸದಿಂದ ನೇರ ಸ್ಟುಡಿಯೋಗೇ ಬಂದಿದ್ದೆ ಅಲ್ವಾ?"

"ಹೂಂ. ಅರ್ಧ ದಿನ ರಜಾ ಹಾಕಿ ಬಂದೆ. ನೀವೆಲ್ಲ ಆಗಲೇ ನಿಂತಾಗಿತ್ತು, ಮಿಕ್ಕ ಜಾಗದಲ್ಲಿ ನಿಂತುಕೊಂಡೆ" ಎಂದರು ಅಕ್ಕಯ್ಯ. ಆಮೇಲೆ ಮಗಳ ಕಡೆ ತಿರುಗಿ, "ಆ ಸೀರೆ ಕಪ್ಪಲ್ಲ ಕಣೇ, ಕುಂಕುಮದ ಬಣ್ಣ. ಸಾಕು ಆರಿಸು, ಹಗಲು ಹೊತ್ತಿನಲ್ಲಿ ಕರೆಂಟು ಯಾಕೆ ದಂಡ" ಎಂದರು.